ತಿಪ್ಪೇರುದ್ರಪ್ಪನನ್ನು ಹೂಳಲು ನಾನು ಪಟ್ಟ ಪಾಡು

೧

ಬಾಂಬರ್ ವಿಮಾನದ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಆಕಾಶದಿಂದ ಎನ್ನುತ್ತೀರಿ. ನಿಮಗೇನು, ಅಂದು ಸುಮ್ಮನಾಗುತ್ತೀರಿ, ಒದ್ದಾಡುವವನು ನಾನು. ಈ ಜನ್ಮದಲ್ಲಿ ನಾನು ಏರಿದ ಅತಿ ಎತ್ತರದ ಜಾಗವೆಂದರೆ ಬಳ್ಳಾರಿಯ ಕೋಟೆ ಗುಡ್ಡ. ಅದೂ ಅರ್ಧ ದಾರಿಯಲ್ಲಿ ಏದುಸಿರು ಬಂದು, ನೆರಳಿದ್ದ ಬಂಡೆಗೆ ಒರಗಿ ಶೇಂಗಾ ತಿಂದು ಇಳಿದುಬಂದೆ. ಆದರೂ ಸಂಪಾದಕರು ಕೇಳಿದ್ದಾರೆ: ಯುದ್ಧದ ಕಥೆ ಕೊಡಿ, ಆಕಾಶ ಇರಲಿ, ಕೊನೆಗೆ ಕಣ್ಣೀರು ಬರಲಿ. ಹಾಗಾಗಿ ಒಂದು ಕೈ ನೋಡಿದೆ.

'ನೀಲಾಕಾಶದ ಅನಂತ ವಿಸ್ತಾರದಲ್ಲಿ ಲೋಹದ ಹಕ್ಕಿಯೊಂದು...'

(ಹೊಡೆದು ಹಾಕಿದೆ. ವಿಮಾನವನ್ನು ಲೋಹದ ಹಕ್ಕಿ ಎಂದು ಬರೆಯುವವರನ್ನು ಬಳ್ಳಾರಿಯ ಮೇ ತಿಂಗಳ ಬಿಸಿಲಲ್ಲಿ ಚಪ್ಪಲಿ ಇಲ್ಲದೆ ನಿಲ್ಲಿಸಬೇಕು.)

೨

ನೆಲದಿಂದ ಶುರು ಮಾಡೋಣ. ೧೯೭೧ರ ಡಿಸೆಂಬರ್. ಯುದ್ಧ ನಡೆಯುತ್ತಿದ್ದದ್ದು ಎಲ್ಲೋ ದೂರದ ಗಡಿಯಲ್ಲಿ. ಆದರೆ ಶತ್ರುಗಳ ಕಣ್ಣು ತುಂಗಭದ್ರಾ ಅಣೆಕಟ್ಟಿನ ಮೇಲೇ ಇದೆಯೆಂದು ಕುರುಗೋಡಿನ ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ ಒಮ್ಮತದ ತೀರ್ಮಾನವಾಗಿತ್ತು. ಮೇಲಿನ ವಿಮಾನಕ್ಕೆ ಬೆಳಕು ಕಾಣದಂತೆ ಕಿಟಕಿಯ ಗಾಜಿಗೆಲ್ಲ ಕಾಗದ ಅಂಟಿಸಬೇಕೆಂದು ಡಂಗುರ ಸಾರಿದರು. ಕುರುಗೋಡಿನ ಕಿಟಕಿಗಳಿಗೆ ಇದ್ದದ್ದು ಮರದ ಬಾಗಿಲು. ಗಾಜು ಎಲ್ಲಿಂದ ತರಬೇಕು? ಹಾಗಂತ ಸರಕಾರದ ಮಾತು ಮೀರುವುದುಂಟೆ? ಮನೆಯಲ್ಲಿ ಗಾಜಿದ್ದ ವಸ್ತುವೆಂದರೆ ಗೋಡೆಯ ಫೋಟೋಗಳು. ಜನ ದೇವರ ಪಟಗಳಿಗೂ, ತೀರಿಹೋದ ಅಜ್ಜಂದಿರ ಮುಖಗಳಿಗೂ ಭಕ್ತಿಯಿಂದ ಕಂದು ಕಾಗದ ಅಂಟಿಸಿದರು.

ವೀರಭದ್ರಮ್ಮ ಎಂಬ ವಿಧವೆ ಮುದುಕಿ ಮಾತ್ರ ತನ್ನ ಮನೆಯ ಒಂದು ಫೋಟೋ ಬಿಟ್ಟಳು. ಅದು ವಾಯುಸೇನೆಯ ಟೋಪಿ ಹಾಕಿದ್ದ ಅವಳ ಒಬ್ಬನೇ ಮಗನದು. ಯಾಕಮ್ಮಾ ಎಂದು ಕೇಳಿದ್ದಕ್ಕೆ, "ಅವನಿಗ್ಯಾಕ ಹಚ್ಚಬೇಕು? ಬಾಂಬ್ ಹಾಕಾವನ ಅವ್ನು" ಅಂದಳು.

೩

ಆ ಮಗನೇ ತಿಪ್ಪೇರುದ್ರಪ್ಪ. ಫ್ಲೈಟ್ ಲೆಫ್ಟಿನೆಂಟ್, ಬಾಂಬರ್ ವಿಮಾನದ ನ್ಯಾವಿಗೇಟರ್, ಅಂದರೆ ದಾರಿ ಹೇಳುವವನು, ಗುರಿ ನೋಡಿ ಬಾಂಬು ಬಿಡುವವನು. ಈ ಹೆಸರಿಗೆ ನಾಲಿಗೆ ಹೊರಳದೆ ಜೊತೆಯವರು ಅವನನ್ನು ಟಿಪ್ಪಿ ಮಾಡಿದ್ದರು. ಕಥೆಯೊಳಗೆ ಕಾಲಿಟ್ಟ ಕೂಡಲೇ ಅವನು ನನ್ನ ಮೇಲೆ ಜಗಳ ತೆಗೆದ.

"ಸರ, ನನ್ನ ಕಿಟಕಿ ಬಾಜೂಕ ಕುಂದ್ರಿಸಿ ಮೋಡ ನೋಡಾಕ ಹಚ್ಚೀರಲ್ಲ, ಅದು ತಪ್ಪೈತ್ರಿ."

"ವಿಮಾನ ಅಂದಮೇಲೆ ಮೋಡ ಬೇಡವೇನಪ್ಪಾ?"

"ಮೋಡ ಪೈಲಟ್‌ಗೆ. ನನ್ನ ಜಾಗ ಕೆಳಗ, ಮೂಗಿನ್ಯಾಗ. ನಮ್ಮವ್ವನ ಉಗ್ರಾಣ ನೋಡೀರೇನು? ಅಷ್ಟ ಜಾಗ, ಅಷ್ಟ ಕತ್ತಲ. ನಕಾಶಿ ಹಿಡ್ಕಂಡು ಎಡಕ್ಕ ತಿರುಗು, ಬಲಕ್ಕ ತಿರುಗು ಅನ್ನೋದು. ಬಾಂಬ್ ಹಾಕೋ ಹೊತ್ತಿಗೆ ಮುಂದಕ್ಕ ತೆವಳಿ ಬೋರಲ ಮಕ್ಕೊಳ್ಳೋದು. ನಾ ನೋಡಿದ್ದೆಲ್ಲ ನೆಲ ರೀ."

(ಸಂಪಾದಕರು ಕೇಳಿದ್ದ ಆಕಾಶ ಇಲ್ಲಿಗೆ ಕೈತಪ್ಪಿತು.)

"ವಿಮಾನಕ್ಕೆ ಬೆಂಕಿ ಬಿದ್ದರೆ?" ಎಂದೆ. ಕಥೆಗಾರರಿಗೆ ಬೆಂಕಿ ಬೇಕೇ ಬೇಕು.

"ನಮ್ಮ ಕ್ಯಾನ್‌ಬೆರಾದಾಗ ಇಬ್ಬರ ಇರೋದು. ಪೈಲಟ್ ಸೀಟಿಗೆ ಒಂದು ಹಿಡಿ ಐತಿ. ಜಗ್ಗಿದ್ರ ಸೀಟ ಸಮೇತ ಮ್ಯಾಲಕ್ಕ ಹಾರಿ ಹೊರಗ ಬೀಳ್ತಾನ. ಕೊಡಿ ತಾನ ಬಿಚ್ಚತೈತಿ."

"ನಿನಗೆ?"

"ನನಗ ಬಾಗಲ ಐತಲ್ರಿ."

ಬಾಗಿಲಂತೆ! ಬೋರಲು ಮಲಗಿದವನು ಏಳಬೇಕು, ಕೊಡೆಯನ್ನು, ಅಂದರೆ ಪ್ಯಾರಾಚೂಟನ್ನು, ಎದೆಗೆ ಸಿಕ್ಕಿಸಿಕೊಳ್ಳಬೇಕು, ತೆವಳಿ ಬರಬೇಕು, ಬಾಗಿಲು ನೂಕಬೇಕು, ಆಮೇಲೆ ಜಿಗಿಯಬೇಕು. ಅಲ್ಲಿಯವರೆಗೆ ಉರಿಯುವ ವಿಮಾನ ಸಿರುಗುಪ್ಪದ ಬಸ್ಸಿನ ಹಾಗೆ ಅವನಿಗಾಗಿ ನಿಂತಿರಬೇಕು. ಇದನ್ನು ಯೋಚಿಸಿದ ಮಹಾನುಭಾವ ಯಾರೋ, ಅವನು ಖಂಡಿತ ನ್ಯಾವಿಗೇಟರ್ ಆಗಿರಲಿಲ್ಲ.

"ನಮ್ಮಲ್ಲಿ ಒಬ್ಬರ ಹೋಗೋದು ಕಮ್ಮಿ ರೀ," ಅಂದ ತಿಪ್ಪೇರುದ್ರಪ್ಪ. "ಬಂದ್ರ ಇಬ್ಬರೂ ಬರ್ತಾರ. ಇಲ್ಲಾಂದ್ರ ಮೆಸ್ಸಿನ್ಯಾಗ ಎರಡು ತಾಟು ಹಂಗ ಉಳೀತಾವ. ಯಾವನಾರ ಒಬ್ಬ ಎದ್ದು ರೇಡಿಯೋ ಜೋರು ಮಾಡ್ತಾನ. ನಾ ಹೊಂಟಾಗೆಲ್ಲ ಹೆದರಿಕಿಗೆ ಆ ಬಾಗಲ ಚಿಲಕ ನಾಕು ಸಲ ಮುಟ್ಟಿ ನೋಡ್ತಿದ್ದೆ. ಅದನ್ನೂ ಬರೀರಿ. ನೀವು ಬರಿಯಂಗಿಲ್ಲ, ನನಗ ಗೊತ್ತೈತಿ."

ಬರೆದಿದ್ದೇನೆ, ನೋಡಿಕೊಳ್ಳಲಿ.

೪

ಈಗ ಕಥೆಯ ಗಂಟು.

ತಿಪ್ಪೇರುದ್ರಪ್ಪನ ಕೊರಳಲ್ಲಿ, ಮನೆಯವರೆಲ್ಲರಂತೆ, ಇಷ್ಟಲಿಂಗ ಇತ್ತು. ಅದನ್ನಿಟ್ಟಿದ್ದ ಬೆಳ್ಳಿಯ ಕರಡಿಗೆ ಅಜ್ಜನ ಕಾಲದ್ದು, ಎಳೆಯ ಮಾವಿನಕಾಯಿಯಷ್ಟು ದಪ್ಪ. ಲಿಂಗ ಮೈಯಿಂದ ಅಗಲಬಾರದು, ಅಗಲಿದರೆ ಪ್ರಾಣ ಅಗಲಿದ ಹಾಗೆ ಎಂಬುದು ಆ ಮನೆಯ ನಂಬಿಕೆ. ಈಗ ನೀವೇ ಯೋಚಿಸಿ: ಎದೆಯ ಮೇಲೆ ಕರಡಿಗೆ, ಅದರ ಮೇಲೆ ಪಟ್ಟಿ ಬಿಗಿತ, ಅದರ ಮೇಲೆ ಬೋರಲು ಮಲಗುವ ಉದ್ಯೋಗ.

ಆ ವರ್ಷ ದೀಪಾವಳಿಗೆ ರಜೆಯ ಮೇಲೆ ಬಂದಿದ್ದ. ಎಣ್ಣೆ ಹಚ್ಚುವಾಗ ವೀರಭದ್ರಮ್ಮ ಮಗನ ಎದೆಯಲ್ಲಿ ನೀಲಿಗಟ್ಟಿದ ಕಲೆ ನೋಡಿದಳು.

"ಏನಪ್ಪಾ ಇದು, ಯಾರ ಹೊಡದ್ರು?"

"ಯಾರೂ ಹೊಡದಿಲ್ಲವ್ವಾ. ಬೋರಲ ಮಕ್ಕಂಡಾಗ ಕರಡಿಗಿ ಒತ್ತತೈತಿ."

"ಸರಕಾರದೋರು ನಿನಗೊಂದು ಚಾಪಿ ಕೊಡ್ಲಿಲ್ಲೇನು?"

ಮಗ ನಕ್ಕ. ತಾಯಿ ನಗಲಿಲ್ಲ. ಎಣ್ಣೆಗೈಯಿಂದಲೇ ಕರಡಿಗೆ ಕಟ್ಟಿದ್ದ ಶಿವದಾರ ಬಿಚ್ಚಿದಳು. "ಇಲ್ಲೇ ಇರಲಿ. ನಿನ್ನ ಪೂಜಿ ನಾ ಮಾಡ್ತೀನಿ. ಯುದ್ಧ ಆಗ್ತೈತಂತಲ್ಲ, ಅದು ಮುಗದ ಮ್ಯಾಲ ಬಂದು ಕಟ್ಗಾ" ಅಂದಳು. ಅವನು ಬೇಡವೆಂದ, ಅವಳು ಕೇಳಲಿಲ್ಲ. ಕಲೆ ನೋಡಿದ ತಾಯಿಗೆ ಶಾಸ್ತ್ರ ಕಾಣುವುದಿಲ್ಲ.

ಡಿಸೆಂಬರಿನಲ್ಲಿ ಟೆಲಿಗ್ರಾಂ ಬಂತು. ದಾಳಿಗೆ ಹೋದ ವಿಮಾನ ಮರಳಿಲ್ಲ, ತಿಪ್ಪೇರುದ್ರಪ್ಪ ಕಾಣೆಯಾಗಿದ್ದಾನೆ. ಸತ್ತಿದ್ದಾನೆಂದೂ ಇಲ್ಲ, ಇದ್ದಾನೆಂದೂ ಇಲ್ಲ.

ವೀರಭದ್ರಮ್ಮ ಅಳಲಿಲ್ಲ. ಸ್ನಾನ ಮಾಡಿ ಬಂದು, ಮಗನ ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತಳು. ಪೂಜೆ ನಡೆಯುವವರೆಗೆ ಮಗ ಇರುತ್ತಾನೆ ಎಂದು ಅವಳು ಲೆಕ್ಕ ಹಾಕಿದ್ದಳು. ಅವನಿಲ್ಲ ಎಂದಾದರೆ ಕೊಂದವಳು ತಾನೇ. ಇದನ್ನು ಅವಳು ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ, ಸೊಸೆಗೆ ಒಬ್ಬಳಿಗೆ ಬಿಟ್ಟು.

೫

ಸೊಸೆಯನ್ನು ಪರಿಚಯಿಸಲು ಮರೆತಿದ್ದೆ. ಅದಕ್ಕೆ ಅವಳು ಸಿಟ್ಟಾಗಿದ್ದಾಳೆ.

"ಗಂಡ ಬಂದ, ಅತ್ತಿ ಬಂದ್ಲು, ಕರಡಿಗಿನೂ ಬಂತು. ನಾನು ಯಾವಾಗ ಬರೋದ್ರಿ ಅಣ್ಣಾರ?"

ಸುವರ್ಣಮ್ಮ. ಸಿರುಗುಪ್ಪದ ಹುಡುಗಿ, ಮದುವೆಯಾಗಿ ಎರಡು ವರ್ಷ ಪುಣೆಯ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದವಳು. ಅಲ್ಲಿ ಪಕ್ಕದ ಮನೆಯವರಿಂದ ಹಿಂದಿ ಕಲಿತಳು, ಸೈಕಲ್ ಕಲಿತಳು. ಟೆಲಿಗ್ರಾಂ ಬಂದ ಮೇಲೆ ಅತ್ತೆಯ ಮನೆ ಸೇರಿದಳು. ಮೊದಲ ಡ್ರಾಫ್ಟಿನಲ್ಲಿ ನಾನು ಅವಳನ್ನು 'ತ್ಯಾಗದ ದೀಪ' ಎಂದು ಬರೆದಿದ್ದೆ.

"ದೀಪ ಗೀಪ ಎಲ್ಲ ತೆಗೀರಿ. ನಂಗ ಆಗ ಇಪ್ಪತ್ತಮೂರು. ಮ್ಯಾಟಿನಿ ಸಿನಿಮಾ ನೋಡೋದು ಅಂದ್ರ ಪ್ರಾಣ. ಇವರು ಸತ್ತಿದ್ರ ನಾನು ಮುಂದ ಬದುಕಬೇಕು, ಇದ್ರ ಕಾಯಬೇಕು. ಎರಡರಾಗ ಒಂದು ಹೇಳ್ರಿ ಅಂತ ಕೇಳಿದ್ದು ತಪ್ಪೇನು? ನಾಚಿಕಿ ಇಲ್ದಂಗ ಬರೀರಿ ಇದನ್ನ."

ಒಂದು ವರ್ಷ ಯಾರೂ ಎರಡರಲ್ಲಿ ಒಂದನ್ನು ಹೇಳಲಿಲ್ಲ. ಆಮೇಲೆ ಊರವರು ತಾವೇ ಹೇಳಲು ನಿಂತರು.

ಮಠದ ಹಾಲಯ್ಯನವರು ಬಂದರು. ಅವರ ಮಾತಿನ ಸಾರ ಇಷ್ಟು: ನಮ್ಮಲ್ಲಿ ಸತ್ತವರನ್ನು ಕುಣಿಯೊಳಗಿನ ಗೂಡಿನಲ್ಲಿ ಕೂರಿಸಿ, ಎಡ ಅಂಗೈಯಲ್ಲಿ ಅವರ ಲಿಂಗವಿಟ್ಟು ಮಣ್ಣು ಮಾಡುತ್ತೇವೆ. ಇಲ್ಲಿ ದೇಹವಿಲ್ಲ, ಲಿಂಗ ಇದೆ. ಲಿಂಗವನ್ನೇ ಗೂಡಿನಲ್ಲಿಟ್ಟು ಮುಗಿಸೋಣ. ಸುವರ್ಣಮ್ಮನ ಅಣ್ಣ ಮರಿಬಸಪ್ಪನೂ ಸಿರುಗುಪ್ಪದಿಂದ ಬಂದ. ಮಣ್ಣಾಗದೆ ತಂಗಿಗೆ ಉಡಿಕೆ ಮಾಡುವಂತಿಲ್ಲ, ಅಂದರೆ ಎರಡನೇ ಮದುವೆ. ಅವನ ಕಡೆ ಒಬ್ಬ ಗಂಡೂ ಇದ್ದ, ಹೊಳೆದಂಡೆಯ ಭತ್ತದ ಗದ್ದೆಯವನು, ಒಳ್ಳೆಯವನು.

ನಿಜ ಹೇಳುತ್ತೇನೆ, ನಾನು ಅಯ್ಯನವರ ಪಕ್ಷ. ಅವರಿಗೂ ನನಗೂ ಬೇಕಾಗಿದ್ದದ್ದು ಮುಕ್ತಾಯ. ಹೊಲದಲ್ಲಿ ಕುಣಿ ತೋಡಿಸಿಯೂ ಆಗಿತ್ತು. ಲಿಂಗ ಮಣ್ಣಾಗುತ್ತದೆ, ತಾಯಿ ಬೋರಾಡಿ ಅಳುತ್ತಾಳೆ, ಕಥೆ ಮುಗಿಯುತ್ತದೆ, ನಾನು ಬಳ್ಳಾರಿಯ ಸತ್ಯನಾರಾಯಣಪೇಟೆಯ ಅಂಚೆ ಡಬ್ಬಿಗೆ ಲಕೋಟೆ ಹಾಕಿ ಹಾಯಾಗಿ ಮಂಡಾಳ (ನಿಮ್ಮ ಕಡೆಯ ಮಂಡಕ್ಕಿ) ಒಗ್ಗರಣೆ ತಿನ್ನುತ್ತೇನೆ.

ಮುದುಕಿ ಕರಡಿಗೆಯನ್ನು ಸೆರಗಿಗೆ ಗಂಟು ಹಾಕಿ, "ನನ್ನ ಮೊದಲ ಮಣ್ಣ ಮಾಡ್ರಿ, ಆಮ್ಯಾಲ ಇದನ್ನ ಮುಟ್ರಿ" ಅಂದಳು.

ಅಷ್ಟರಲ್ಲಿ ಪತ್ರಿಕೆಯಲ್ಲಿ ಬಂತು: ಸೆರೆ ಸಿಕ್ಕಿದ್ದ ನಮ್ಮ ಪೈಲಟ್‌ಗಳು ವಾಪಸಾಗಿದ್ದಾರೆ. ಅವರಲ್ಲಿ ತಿಪ್ಪೇರುದ್ರಪ್ಪನ ಪೈಲಟ್ ಗಿಲ್ ಕೂಡ ಇದ್ದ. ತಿಪ್ಪೇರುದ್ರಪ್ಪ ಇರಲಿಲ್ಲ. ಗಿಲ್ ತಾನೇ ಕುರುಗೋಡಿಗೆ ಬರುವುದಾಗಿ ಹೇಳಿ ಕಳಿಸಿದ. ಅವನು ಬಂದು ಹೇಳಿದ ಮಾತಿನಂತೆ ನಡೆಯುವುದೆಂದು ಅಯ್ಯನವರೂ ಮರಿಬಸಪ್ಪನೂ ಮುದುಕಿಯೂ ಒಪ್ಪಿಕೊಂಡರು.

೬

ಗಿಲ್ ಬಂದ. ೧೯೭೩ರ ಮೇ. ಆರಡಿ ಎತ್ತರ, ಪೇಟ, ಒಂದು ಕಾಲು ಕುಂಟು, ಕೈಯಲ್ಲಿ ಬಳ್ಳಾರಿಯಲ್ಲಿ ಕೊಂಡ ಮೈಸೂರು ಪಾಕಿನ ಡಬ್ಬಿ. ಬಸ್ಸಿಳಿದಲ್ಲಿಂದ ಮನೆಯವರೆಗೆ ಅರ್ಧ ಊರು ಅವನ ಹಿಂದೆ ನಡೆಯಿತು. ಕೆಲವರು ಅವನೇ ಶತ್ರು ಎಂದು ತಿಳಿದಿದ್ದರು.

ಪಡಸಾಲೆಯಲ್ಲಿ ಅಯ್ಯನವರು ಕಂಬಳಿಯ ಮೇಲೆ, ಮರಿಬಸಪ್ಪ ಹೊಸ್ತಿಲ ಹತ್ತಿರ, ಮುದುಕಿ ಗೋಡೆಗೆ ಒರಗಿ. ಕರಡಿಗೆ ಅವಳ ಮಡಿಲಲ್ಲಿ. ಲೇಖಕನಾದ ನಾನು ಕಂಬದ ಹಿಂದೆ, ಪೆನ್ನು ಬಿಚ್ಚಿಕೊಂಡು. ಎಲ್ಲ ಸಿದ್ಧ.

ಇಲ್ಲಿ ಒಂದು ತಾಂತ್ರಿಕ ತೊಂದರೆ ಎದುರಾಯಿತು. ಗಿಲ್ ಮಾತಾಡುವುದು ಹಿಂದಿ, ಅದೂ ಪಂಜಾಬಿನ ಮಿರ್ಚಿ ಹಾಕಿದ ಹಿಂದಿ. ನನಗೆ ಹಿಂದಿ ಬರುವುದಿಲ್ಲ. (ನಗಬೇಡಿ. ತೆಲುಗು ಬರುತ್ತದೆ. ಪಂಜಾಬಿನವನ ಬಾಯಲ್ಲಿ ತೆಲುಗು ಹಾಕೋಣವೆಂದು ಯೋಚಿಸಿದ್ದೂ ಉಂಟು.) ಅಯ್ಯನವರಿಗೆ ಸಂಸ್ಕೃತ ಬರುತ್ತದೆ, ಮರಿಬಸಪ್ಪನಿಗೆ ಕನ್ನಡವೇ ಕಷ್ಟ. ಹಿಂದಿ ಬರುತ್ತಿದ್ದದ್ದು ಸುವರ್ಣಮ್ಮನಿಗೆ.

ಅಂದರೆ ಗಂಡ ಬದುಕಿದ್ದಾನೋ ಇಲ್ಲವೋ ಎಂಬುದನ್ನು ಅವಳೇ ಕೇಳಿಸಿಕೊಂಡು, ಅವಳೇ ನಮಗೆ ಹೇಳಬೇಕು.

ಗಿಲ್ ಬಹಳ ಹೊತ್ತು ಮಾತಾಡಿದ. ಮೊದಮೊದಲು ನಿಧಾನಕ್ಕೆ, ಆಮೇಲೆ ಗಡಿಬಿಡಿಯಲ್ಲಿ. ನನಗೆ ತಿಳಿದದ್ದು 'ಭಾಭೀಜೀ' ಮತ್ತು 'ಟಿಪ್ಪಿ' ಎರಡೇ. ನಡುವೆ ತನ್ನ ಎರಡೂ ಮುಷ್ಟಿ ಬಿಗಿದು ತಲೆಯ ಮೇಲಿಂದ ಏನನ್ನೋ ಜಗ್ಗಿ ತೋರಿಸಿದ. ಸೀಟಿನ ಹಿಡಿ ಅದೇ ಇರಬೇಕು. ತೋರಿಸಿದ ಕೈಗಳನ್ನು ಆಮೇಲೆ ಎಲ್ಲಿಟ್ಟುಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲ.

ಸುವರ್ಣಮ್ಮ ಒಂದೇ ಪ್ರಶ್ನೆ ಕೇಳಿದಳು. ನಾಲ್ಕೈದು ಪದವಿದ್ದೀತು. ಗಿಲ್ ಬಲಗೈ ಅಂಗೈಯನ್ನು ನೆಲದ ಕಡೆ ಮಾಡಿ ಗಾಳಿಯಲ್ಲಿ ಚಪ್ಪಟೆಯಾಗಿ ಹಿಡಿದ. ಬೋರಲು, ಬಾಂಬು ಬಿಡಲು ಮಲಗಿದವನಂತೆ. ಹಾಗೇ ಹಿಡಿದಿದ್ದ, ಮಗುಚಲಿಲ್ಲ. ಆಮೇಲೆ ಆ ಆರಡಿ ಮನುಷ್ಯ ಮುಖ ಮುಚ್ಚಿಕೊಂಡು ಅತ್ತ.

ಪಡಸಾಲೆಯಲ್ಲಿ ಎಲ್ಲರೂ ಸುವರ್ಣಮ್ಮನನ್ನು ನೋಡಿದರು.

"ಏನಂತವ್ವಾ?" ಅಯ್ಯನವರು ಕೇಳಿದರು.

ಸುವರ್ಣಮ್ಮ ಅಣ್ಣನ ಕಡೆ ನೋಡಿದಳು. ಅತ್ತೆಯ ಮಡಿಲ ಕಡೆ ನೋಡಿದಳು. ಸೆರಗು ಸರಿ ಮಾಡಿಕೊಂಡಳು.

"ನಮ್ಮನಿಯವರ ಕೊಡಿ ಬಿಚ್ಚಿದ್ದು ಕಂಡ್ರಂತ್ರಿ ಬುದ್ಧಿ. ಗಾಳಿ ಆಚೀ ಕಡಿಗಿ ಹೊಡಕಂಡು ಹೋತಂತ. ಎಲ್ಲಿ ಇಳದ್ರೋ ಗೊತ್ತಾಗ್ಲಿಲ್ಲಂತ."

"ಮತ್ತ ಈ ಮನಿಷಾ ಯಾಕ ಅಳ್ತಾನ?" ಮರಿಬಸಪ್ಪ ಕೇಳಿದ. ದಡ್ಡನಾದರೂ ಪ್ರಶ್ನೆ ಸರಿಯಾಗೇ ಇತ್ತು.

"ಜೋಡಿ ಬಿಟ್ಟು ಬಂದೆ ಅಂತ ಅಳ್ತಾರಣ್ಣಾ."

ಅಯ್ಯನವರು ವಿಭೂತಿ ಹಚ್ಚಿಕೊಂಡು ಎದ್ದರು. ಕೊಡೆ ಬಿಚ್ಚಿದವನನ್ನು ಹೂಳುವಂತಿಲ್ಲ. ಕುಣಿಗೆ ಆ ಮಳೆಗಾಲ ನಿಂಬೆ ಗಿಡ ಇಟ್ಟರು, ಕಾಯಿ ಚೆನ್ನಾಗಿ ಬಿಡುತ್ತದೆ.

ಆದರೆ ಅವತ್ತಿನದು ಇನ್ನೂ ಒಂದು ಉಳಿದಿದೆ. ಊರ ಗಂಡಸರು ಹೊರಗೆ ಹೋದ ಮೇಲೆ ವೀರಭದ್ರಮ್ಮ ಗೋಡೆ ಹಿಡಿದು ಎದ್ದಳು. ಗಿಲ್‌ನ ಮುಂದೆ ಹೋಗಿ ನಿಂತು, ಅವನ ಪೇಟದ ಮೇಲೆ ಕೈಯಿಟ್ಟು, "ರೋ ನಕ್ಕೊ ಬೇಟಾ. ಚಾ ಪೀ," ಅಂದಳು.

ಅಳಬೇಡ ಮಗನೇ, ಚಹಾ ಕುಡಿ. ಬಳ್ಳಾರಿ ಸೀಮೆಯವನಾದ ನನಗೆ ಇಷ್ಟು ತಿಳಿಯುತ್ತದೆ. ಚಹಾ ತರುತ್ತಿದ್ದ ಸುವರ್ಣಮ್ಮ ಕಪ್ಪು ಬಸಿ ಅಲ್ಲೇ ನೆಲಕ್ಕಿಟ್ಟು ಅತ್ತೆಯನ್ನು ನೋಡಿದಳು. ಯುದ್ಧಕ್ಕೆ ಮೊದಲು ಮನೆಗೆ ಬರುತ್ತಿದ್ದ ಬಳೆಗಾರ್ತಿ ಬೂಬಮ್ಮನ ಜೊತೆ ಅತ್ತೆ ಅವಳ ಉರ್ದುವಿನಲ್ಲೇ ಹರಟುತ್ತಿದ್ದಳೆಂಬುದು ಆಗ ಪುಣೆಯಲ್ಲಿದ್ದ ಸೊಸೆಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ನಾನು ಬರೆದಿರಲೇ ಇಲ್ಲ.

೭

ಮುದುಕಿಗೆ ಎಷ್ಟು ತಿಳಿಯಿತು? ಗಿಲ್ ಹೇಳಿದ್ದೆಲ್ಲವೋ, ಬರೀ ಅಳುವೋ? ಲೇಖಕನಿಗೆ ಇಷ್ಟು ಗೊತ್ತಿರಬೇಕಾದದ್ದು ಧರ್ಮ. ಸುವರ್ಣಮ್ಮನನ್ನು ಮೇಜಿನ ಮುಂದೆ ಕೂರಿಸಿ ಕೇಳಿದೆ.

"ಗಿಲ್ ಏನು ಹೇಳಿದ?"

"ಹೇಳೀನಲ್ರಿ. ಕೊಡಿ ಬಿಚ್ಚಿತು."

"ಅದು ಅವರಿಗೆ ಹೇಳಿದ್ದು. ನಾನು ಈ ಕಥೆ ಬರೆದವನು."

"ಹಂಗಾರ ನಿಮಗ ಗೊತ್ತಿರಬೇಕಲ್ಲ, ನನ್ನ ಯಾಕ ಕೇಳ್ತೀರಿ?"

ಸಿಟ್ಟು ಬಂತು. ಅವಳ ಸಹಾಯವಿಲ್ಲದೆ ಮುಗಿಸುತ್ತೇನೆಂದು ಮೂರು ಅಂತ್ಯ ಬರೆದು ಓದಿ ಹೇಳಿದೆ.

ಅಂತ್ಯ ಅ: ತಿಪ್ಪೇರುದ್ರಪ್ಪ ಶತ್ರುಗಳ ಜೈಲಿನಿಂದ ತಪ್ಪಿಸಿಕೊಂಡು, ಗಡ್ಡ ಬಿಟ್ಟು, ಒಂದು ಸಂಜೆ ಕುರುಗೋಡಿಗೆ ಬರುತ್ತಾನೆ. "ಗಡ್ಡ ಯಾಕ್ರೀ? ಅವರಿಗೆ ಗಡ್ಡ ಕಡೀತಿತ್ತು" ಅಂದಳು.

ಅಂತ್ಯ ಆ: ಮುದುಕಿಯೇ ಸೊಸೆಯ ಬಾಳು ನೆನೆದು, ಕರಡಿಗೆಯನ್ನು ತನ್ನ ಕೈಯಾರೆ ಮಣ್ಣಿಗಿಡುತ್ತಾಳೆ. ಹಿನ್ನೆಲೆಯಲ್ಲಿ ಗಂಟೆ. "ಸಿನಿಮಾ ನಾ ಭಾಳ ನೋಡೀನಿ" ಅಂದಳು.

ಅಂತ್ಯ ಇ: ಉಡಿಕೆಯಾಗಿದೆ. ಸಿರುಗುಪ್ಪ. ಭತ್ತದ ಗದ್ದೆಯ ಬದುವಿನ ಮೇಲೆ ಸುವರ್ಣಮ್ಮ ಸೈಕಲ್ ತಳ್ಳಿಕೊಂಡು ಬರುತ್ತಿದ್ದಾಳೆ. ಹಿಂದಿನ ಕ್ಯಾರಿಯರ್ ಮೇಲೆ ಒಂದು ಹೆಣ್ಣು ಮಗು. ಮಗು ಬಿಸಿಲಿಗೆ ಕಣ್ಣು ಕಿರಿದು ಮಾಡಿ ಏನೋ ಕೇಳುತ್ತಿದೆ.

ಅವಳು ಕುರ್ಚಿ ಮುಂದಕ್ಕೆ ಎಳೆದುಕೊಂಡು, "ಅದನ್ನ ಇನ್ನೊಮ್ಮಿ ಓದ್ರಿ" ಅಂದಳು.

ಓದಿದೆ.

"ಚಲೋ ಐತಿ," ಅಂದಳು. "ಹಾಕಬ್ಯಾಡ್ರಿ."

"ಯಾಕಮ್ಮಾ? ಒಂದು ಮಾತು ನಿಜ ಹೇಳಿದ್ದರೆ ಇದೇ ಆಗುತ್ತಿತ್ತು. ಅತ್ತೆಗಾಗಿ ಬಿಟ್ಟೆಯಾ?"

"ಅತ್ತಿಗಾಗಿ ಅಂತ ಬರದ್ರ ಮತ್ತ ದೀಪ ಹಚ್ಚಿದಂಗ ಆತು ನೀವು. ಆ ಹೊತ್ತಿಗೆ ನನ್ನ ಬಾಯಿಗಿ ಬಂದಿದ್ದು ಅದು. 'ಸತ್ರು' ಅನ್ನಾಕ ಹೋದೆ, ಬರ್ಲಿಲ್ಲ. ಆಮ್ಯಾಲ ಎಷ್ಟೋ ಸಲ ಅತ್ತಿ ಮ್ಯಾಲ ಸಿಟ್ಟು ಬಂದೈತಿ. ನಿಂಗ ಗೊತ್ತಿದ್ರ ಹೇಳಬಾರದೇನು, ನನ್ನ ಬಿಡಬಾರದೇನು ಅಂತ. ಆಕಿಗೆ ಗೊತ್ತಿಲ್ದಿದ್ರ, ನಾ ಕೇಳಿ ಆಕಿ ಮಗನ್ನ ಕಳಕೊಂಡ್ರ? ಅದಕ್ಕ ಕೇಳಿಲ್ಲ. ಆಕಿನೂ ನನ್ನ ಕೇಳಿಲ್ಲ. ಹತ್ತು ವರ್ಷ ಆತು."

ನನಗೆ ಅಳು ಬಂತು. (ಸಂಪಾದಕರೇ, ನೀವು ಕೇಳಿದ್ದ ಕಣ್ಣೀರು ಲೇಖಕನದೇ ಆದರೆ ನಡೆಯುತ್ತದೆಯೇ?)

೯

(ಎಂಟು ಇಲ್ಲ. ಎಂಟರಲ್ಲಿ ಯುದ್ಧದ ನಿರರ್ಥಕತೆಯ ಬಗ್ಗೆ ಒಂದು ಪುಟ ಬರೆದಿದ್ದೆ. ತಿಪ್ಪೇರುದ್ರಪ್ಪ ಓದಿ ಆಕಳಿಸಿದ.)

ಕೊನೆಗೆ ಮುದುಕಿಯನ್ನೇ ಕೇಳಿಬಿಡೋಣವೆಂದು ಇವತ್ತು ಬೆಳಿಗ್ಗೆ ಬಳ್ಳಾರಿಯಿಂದ ಕುರುಗೋಡಿನ ಬಸ್ಸು ಹತ್ತಿದೆ. ಕೊಳಗಲ್ಲು ದಾಟುವಾಗ ಪ್ರಶ್ನೆ ತಯಾರಿತ್ತು: ಅಮ್ಮಾ, ನಿಮ್ಮ ಮಗ ಇದ್ದಾನೋ ಇಲ್ಲವೋ, ನಿಮಗೆ ಗೊತ್ತಿದ್ದದ್ದು ಯಾವುದು? ಎಂಥ ಉತ್ತರ ಬಂದರೂ ಅಲ್ಲಿಗೆ ಚುಕ್ಕಿ ಇಡುವುದೆಂದು ಗಟ್ಟಿ ಮನಸ್ಸು ಮಾಡಿದ್ದೆ.

ಬಾಗಿಲು ತೆರೆದೇ ಇತ್ತು. ಇಬ್ಬರೂ ಪೂಜೆಗೆ ಕೂತಿದ್ದರು. ಸುವರ್ಣಮ್ಮನ ಕಿವಿಯ ಹತ್ತಿರ ಬಿಳಿ ಕೂದಲು ಬಂದಿದೆ, ಹಣೆಯಲ್ಲಿ ಕುಂಕುಮ ಇದೆ. ವೀರಭದ್ರಮ್ಮನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಮಗನ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡಿದ್ದಾಳೆ, ಆದರೆ ಕೈ ನಿಲ್ಲುತ್ತಿಲ್ಲ. ಲಿಂಗ ಅಂಗೈಯ ಅಂಚಿಗೆ ಜಾರುತ್ತಿತ್ತು.

ಸುವರ್ಣಮ್ಮ ಕಣ್ಣೆತ್ತದೆ ತನ್ನ ಅಂಗೈಯನ್ನು ಅತ್ತೆಯ ಅಂಗೈಯ ಕೆಳಗೆ ಕೊಟ್ಟಳು. ಕೈ ನಿಂತಿತು. ಮುದುಕಿ ಬಿಲ್ವದ ಎಲೆಗಾಗಿ ತಟ್ಟೆಯಲ್ಲಿ ತಡಕಾಡಿದಳು.

ಪೂಜೆಯ ನಡುವೆ ಮಾತಾಡಿಸುವಂತಿಲ್ಲ. ನಾನು ಚಪ್ಪಲಿ ಬಿಟ್ಟು ಹೊರಗಿನ ಕಟ್ಟೆಯ ಮೇಲೆ ಕೂತಿದ್ದೇ‌ನೆ. ಬಸ್ ಸ್ಟ್ಯಾಂಡಿನಲ್ಲಿ ಬಳ್ಳಾರಿ ಬಸ್ಸು ಹಾರ್ನ್ ಹೊಡೆಯುತ್ತಿದೆ. ನಿಮಗೆ ಹೊತ್ತಾಗಿದ್ದರೆ ಹೋಗಿ, ನನ್ನದೇನೂ ಅಭ್ಯಂತರವಿಲ್ಲ. ಒಳಗೆ ಇನ್ನೂ ಮುಗಿದಿಲ್ಲ.